ಹಿಮದ ಗುಡ್ಡ ಮತ್ತು ಒಂದನೇ ತರಗತಿ

ದುಬೈ
17 ನವೆಂಬರ್ 2006

ಪ್ರೀತಿಯ ಗಂಗಕ್ಕನಿಗೆ,

ಉಮಾಶಂಕರನ ನಮಸ್ಕಾರ. ಕಾಗದ ಬರೆದು ಎಷ್ಟು ಕಾಲವಾಯಿತೋ, ಈ ಮೊದಲ ಸಾಲಿಗೇ ಹತ್ತು ನಿಮಿಷ ಹಿಡಿಯಿತು. ಈ ತಿಂಗಳು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಭಾವನೇ ಎತ್ತಿದರು. ಒಮ್ಮೆ ನೀನು ಸ್ನಾನಕ್ಕೆ ಹೋಗಿದ್ದೆ, ಒಮ್ಮೆ ಪಕ್ಕದ ಮನೆಗೆ, ಇನ್ನೊಮ್ಮೆ ತಲೆನೋವೆಂದು ಮಲಗಿದ್ದೆ. ಕೊನೆಗೆ ಅವರೇ, "ಕಾಗದ ಬರಿಯಪ್ಪ, ನಿಮ್ಮಕ್ಕನಿಗೆ ಕಾಗದ ಅಂದ್ರೇನೇ ಇಷ್ಟ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಹೋಟೆಲಿನ ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತು. ಈಗ ಒಂದು ದೊಡ್ಡ ಮಾಲಿನ ಒಳಗೆ ಕಟ್ಟಿರುವ ಹಿಮದ ಗುಡ್ಡದಲ್ಲಿ ಕೆಲಸಕ್ಕಿದ್ದೇನೆ. ತಮಾಷೆಯಲ್ಲ ಅಕ್ಕ. ಹೊರಗೆ ಬೇಸಿಗೆಯಲ್ಲಿ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತದೆ, ಒಳಗೆ ಉಸಿರು ಬಿಟ್ಟರೆ ಹೊಗೆ ಬರುತ್ತದೆ. ಜನ ಎರಡು ಉದ್ದನೆಯ ಹಲಗೆಗಳನ್ನು ಬೂಟಿಗೆ ಸಿಕ್ಕಿಸಿಕೊಂಡು ಮೇಲಿನಿಂದ ಜಾರುತ್ತ ಬರುತ್ತಾರೆ. ಆ ಹಲಗೆಗೆ ಸ್ಕೀ ಎನ್ನುತ್ತಾರೆ. ಬಂದವರ ಕಾಲಿನ ಅಳತೆ ನೋಡಿ ಬೂಟು ಕೊಡುವುದು, ವಾಪಸು ಬಂದ ಬೂಟನ್ನು ಒರೆಸಿ ಒಣಗಲು ಇಡುವುದು ನನ್ನ ಕೆಲಸ. ದಿನಕ್ಕೆ ನಾನೂರು ಜೊತೆ ಕಾಲು ನೋಡುತ್ತೇನೆ. ಈಗ ಮುಖ ನೋಡದೆಯೇ ಯಾರಿಗೆ ಹೆದರಿಕೆಯಿದೆ ಎಂದು ಹೇಳಬಲ್ಲೆ. ಹೆದರಿದವರು ಬೂಟಿನೊಳಗೆ ಬೆರಳು ಮುದುಡಿಕೊಂಡಿರುತ್ತಾರೆ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಒಂದು ಗಂಟೆ ಕೆಲಸಗಾರರು ಜಾರಬಹುದು. ನನ್ನ ಕೋಣೆಯಲ್ಲಿರುವ ಫಿಲಿಪೀನ್ಸಿನ ಜೋಯಲ್ ಮತ್ತು ನಾನು ಒಂದು ದಿನವೂ ತಪ್ಪಿಸಿಲ್ಲ. ಮಾರ್ಚಿನಲ್ಲಿ ಏನೋ ಸಣ್ಣ ಪರೀಕ್ಷೆ ಇದೆ, ಇಬ್ಬರ ಹೆಸರನ್ನೂ ಮೇಲಿನವರು ಕೊಟ್ಟಿದ್ದಾರೆ.

ಒಮ್ಮೆಯಾದರೂ ಫೋನಿಗೆ ಬಾ.

ನಿನ್ನ ತಮ್ಮ
ಉಮಾಶಂಕರ

*

ಗೌನಿಪಲ್ಲಿ
6 ಡಿಸೆಂಬರ್ 2006

ಪ್ರೀತಿಯ ಉಮಾ,

ನಿನ್ನ ಕಾಗದ ಬಂತು. ಫೋನಿನಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಿ, ನೀನು ಐಸ್ ಫ್ಯಾಕ್ಟರಿಗೆ ಸೇರಿದ್ದೀಯ ಎಂದು ನಿನ್ನ ಭಾವ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕಾಗದ ಓದಿದ ಮೇಲೆ ಅದನ್ನು ನಿಲ್ಲಿಸಿದರು. ಬಂದವರೆಲ್ಲ ಅಷ್ಟು ದೂರ ಮೇಲೆ ಹೋಗಿ ಮತ್ತೆ ಕೆಳಗೆ ಬರುವುದಕ್ಕಾಗಿ ಕೆಲಸ ಬಿಟ್ಟು ಬರುತ್ತಾರೆಯೇ ಎಂದು ಮಾತ್ರ ಕೇಳಿದರು. ಅದಕ್ಕೆ ನೀನೇ ಉತ್ತರ ಬರಿ.

ನಾನು ಚೆನ್ನಾಗಿದ್ದೇನೆ. ಈ ವರ್ಷವೂ ಒಂದನೇ ತರಗತಿ ನನ್ನದೇ. ಮೂವತ್ತೊಂದು ಮಕ್ಕಳು. ಅದರಲ್ಲಿ ಇಪ್ಪತ್ತೇಳು ಮಕ್ಕಳಿಗೆ ಮನೆಯಲ್ಲಿ ತೆಲುಗು ಬಿಟ್ಟರೆ ಬೇರೆ ಗೊತ್ತಿಲ್ಲ. ಪಕ್ಕದ ಕೋಣೆಯ ಸೂರು ಬಿದ್ದಿರುವುದರಿಂದ ಎರಡನೇ ತರಗತಿಯನ್ನೂ ನನ್ನ ಕೋಣೆಯಲ್ಲೇ ಕೂರಿಸಿದ್ದಾರೆ. ಆ ಗಲಾಟೆ ನಿನಗೆ ಹೇಳಬೇಕಿಲ್ಲ.

ಫೋನಿನ ವಿಷಯಕ್ಕೆ ಮುನಿಸಿಕೊಳ್ಳಬೇಡ. ಈ ಕಡೆ ಲೈನು ಸರಿಯಿಲ್ಲ, ಅರ್ಧ ಮಾತು ನಿಂತುಹೋಗುತ್ತದೆ. ಕಾಗದವಾದರೆ ಎರಡು ಸಲ ಓದಬಹುದು.

ಪರೀಕ್ಷೆ ಎಂದೆಯಲ್ಲ, ಏನು ಪರೀಕ್ಷೆ? ನೀನು ಎಲ್ಲ ಪರೀಕ್ಷೆಯನ್ನೂ ಸಣ್ಣದೆಂದೇ ಹೇಳುವವನು.

ಗಂಗಕ್ಕ

*

ದುಬೈ
2 ಜನವರಿ 2007

ಪ್ರೀತಿಯ ಅಕ್ಕನಿಗೆ,

ಭಾವನಿಗೆ ಹೇಳು, ಬರುವವರು ಬೀಳುವುದಕ್ಕೂ ಬರುತ್ತಾರೆ. ಬಿದ್ದರೂ ಪೆಟ್ಟಾಗದ ಜಾಗ ಊರಿನಲ್ಲಿ ಎಷ್ಟಿದೆ?

ಪರೀಕ್ಷೆ ಜಾರುವುದರ ಬಗ್ಗೆ. ಐದು ದಿನ ನಡೆಯುತ್ತದೆ. ಯುರೋಪಿನಿಂದ ಒಬ್ಬ ಹೆಂಗಸು ಬಂದು ನೋಡುತ್ತಾಳೆ. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲ ಮಾಡಿದರೆ ವೇಗ ಕಡಿಮೆಯಾಗುತ್ತದೆ, ಇನ್ನೂ ಅಗಲ ಮಾಡಿದರೆ ನಿಲ್ಲುತ್ತದೆ. ಹೊಸಬರು ಮೊದಲು ಕಲಿಯಬೇಕಾದದ್ದು ಇದು. ನೋಡುವುದಕ್ಕೆ ಸುಲಭ. ಆದರೆ ವೇಗ ಬಂದಾಗ ಹಿಂದಕ್ಕೆ ವಾಲಬೇಕೆಂದು ಮೈ ಹೇಳುತ್ತದೆ. ವಾಲಿದರೆ ಮುಗಿಯಿತು, ಸ್ಕೀ ಓಡಿಹೋಗುತ್ತದೆ. ಹೆದರಿಕೆಯಾದಾಗಲೇ ಇಳಿಜಾರಿನ ಕಡೆಗೆ ಮುಂದಕ್ಕೆ ಬಾಗಬೇಕು. ಇದನ್ನು ನನ್ನ ಮೊಣಕಾಲು ಒಪ್ಪಿಕೊಳ್ಳಲು ಎರಡು ತಿಂಗಳು ಬೇಕಾಯಿತು.

ಜೋಯಲ್ ನನ್ನ ಶಿಷ್ಯನ ಹಾಗೆ ನಟಿಸುತ್ತಾನೆ, ನಾನು ಅವನ ಶಿಷ್ಯನ ಹಾಗೆ. ಅವನು ಬೀಳುವುದನ್ನು ನಟಿಸುವುದರಲ್ಲಿ ಬಹಳ ನಿಪುಣ. ನಿಜವಾಗಿ ಬೀಳುವವನು ನಾನೇ. ಹೋದ ವಾರ ಸೊಂಟಕ್ಕೆ ಸ್ವಲ್ಪ ಪೆಟ್ಟಾಗಿ ಈಗ ವಾಸಿಯಾಗಿದೆ.

ನಿನ್ನ ಕಾಗದ ಒಂದೇ ಪುಟವಿತ್ತು. ಮೊದಲು ನೀನು ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದವಳು. ನನ್ನ ಮೇಲೆ ಹಳೆಯ ಸಿಟ್ಟು ಇನ್ನೂ ಇದ್ದರೆ ಬೈದು ಬರಿ, ಪರವಾಗಿಲ್ಲ.

ಉಮಾ

*

ಗೌನಿಪಲ್ಲಿ
24 ಜನವರಿ 2007

ಪ್ರೀತಿಯ ಉಮಾ,

ಬರೀ ಜಾರುವುದಕ್ಕೆ ಐದು ದಿನದ ಪರೀಕ್ಷೆ ಯಾರು ಇಡುತ್ತಾರೆ? ಅದಕ್ಕೆ ಶಿಷ್ಯನ ವೇಷ ಏಕೆ ಬೇಕು? ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಮೇಷ್ಟ್ರ ಪರೀಕ್ಷೆಗೆ ಕಟ್ಟಿದ್ದೀಯ. ಹೌದೋ ಅಲ್ಲವೋ ಬರಿ. ಹೌದಾದರೆ ಮುಂದಿನದನ್ನು ಓದು, ಅಲ್ಲದಿದ್ದರೆ ಬಿಟ್ಟುಬಿಡು.

ನಾನು ಈ ವರ್ಷ ಬೇರೆ ಒಂದು ಕ್ರಮ ಹಿಡಿದಿದ್ದೇನೆ. ಬೆಳಗಿನ ಮೊದಲ ಗಂಟೆ ಮಾತೇ ಇಲ್ಲ. ಮಕ್ಕಳು ಬರುವ ಹೊತ್ತಿಗೆ ನಾನು ನೆಲದ ಮೇಲೆ ಕೂತು ಹುಣಸೆಬೀಜದಲ್ಲಿ ‘ರ’ ಅಕ್ಷರ ಜೋಡಿಸುತ್ತಿರುತ್ತೇನೆ. ಯಾರನ್ನೂ ಕರೆಯುವುದಿಲ್ಲ. ಒಂದೊಂದೇ ಬಂದು ಸುತ್ತ ಕೂರುತ್ತವೆ. ಮುತ್ಯಾಲಮ್ಮ ಎಂಬ ಹುಡುಗಿ ಮೂರು ದಿನ ಬಾಗಿಲ ಹತ್ತಿರವೇ ನಿಂತಿತ್ತು. ನಾಲ್ಕನೇ ದಿನ ಬಂದು ಒಂದು ಬೀಜ ಸರಿಸಿತು. ತಪ್ಪು ಜಾಗಕ್ಕೆ ಸರಿಸಿತು. ನಾನು ಸುಮ್ಮನೆ ಇನ್ನೊಂದು ‘ರ’ ಜೋಡಿಸಿ ಪಕ್ಕದಲ್ಲಿಟ್ಟೆ. ಅದು ಎರಡನ್ನೂ ನೋಡಿತು, ಆಮೇಲೆ ತಾನೇ ಸರಿಮಾಡಿತು. ಆಗ ಅದರ ಮುಖ ನೋಡಬೇಕಿತ್ತು ನೀನು.

ಮೊದಲ ವರ್ಷಗಳಲ್ಲಿ ನಾನೂ ಮಾತಿನಿಂದಲೇ ಎಲ್ಲ ತಲೆಗೆ ಹೋಗುತ್ತದೆ ಎಂದುಕೊಂಡಿದ್ದೆ. ಈಗ ಅನ್ನಿಸುವುದು, ಮಗು ನಮ್ಮ ಮಾತು ಕೇಳುವ ಮೊದಲು ನಮ್ಮ ಕೈ ನೋಡುತ್ತದೆ. ನೀನು ಮಾಡಿ ತೋರಿಸು. ಅವರು ಮಾಡುವಾಗ ನೋಡು. ಬಾಯಿ ಬಿಡುವ ಮೊದಲು, ಈಗ ಹೇಳಲೇಬೇಕೇ ಎಂದು ಒಮ್ಮೆ ಕೇಳಿಕೋ.

ಸಿಟ್ಟೇನೂ ಇಲ್ಲ. ಸೊಂಟಕ್ಕೆ ಎಣ್ಣೆ ಹಚ್ಚಿಕೋ.

ಗಂಗಕ್ಕ

*

ದುಬೈ
12 ಫೆಬ್ರವರಿ 2007

ಪ್ರೀತಿಯ ಅಕ್ಕನಿಗೆ,

ಹೌದು.

ನಿನಗೆ ಹೇಳಬಾರದೆಂದೇ ಇದ್ದೆ. ಪರೀಕ್ಷೆಯಲ್ಲಿ ಅರ್ಧ ಭಾಗ ಜಾರುವುದು, ಅರ್ಧ ಭಾಗ ಕಲಿಸುವುದು. ಇದರಲ್ಲಿ ಪಾಸಾದರೆ ಹೊಸಬರಿಗೆ ಹೇಳಿಕೊಡುವ ಕೆಲಸ. ಮೇಷ್ಟ್ರುಗಳಲ್ಲಿ ಅತಿ ಕೆಳಗಿನ ಮೆಟ್ಟಿಲು, ನಿನ್ನ ಒಂದನೇ ತರಗತಿಯ ಹಾಗೆ.

ಐದೂವರೆ ವರ್ಷದ ಹಿಂದೆ ಕೋಲಾರದ ಆ ಶಾಲೆಯಲ್ಲಿ ನಡೆದದ್ದನ್ನು ನಾನು ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ. ಮೇಷ್ಟ್ರ ತರಬೇತಿಯ ಟಿಸಿಎಚ್ ಅರ್ಜಿ ನೀನೇ ತುಂಬಿದ್ದೆ, ನೀನೇ ಸೀಟು ಕೊಡಿಸಿದ್ದೆ. ಅಭ್ಯಾಸ ಪಾಠದ ದಿನ ನಲವತ್ತೆರಡು ಮಕ್ಕಳು, ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು. ಬೋರ್ಡಿನ ಮೇಲೆ ‘ನೀರಿನ ಮೂಲಗಳು’ ಎಂದು ಬರೆದು ತಿರುಗಿದೆ. ಬಾಯಿ ಒಣಗಿತು. ಒಂದು ಸಾಲೂ ನೆನಪಿಗೆ ಬರಲಿಲ್ಲ. ಮಕ್ಕಳು ಕಾದವು, ನಾನೂ ಕಾದೆ. ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ಬಂದವನು ಬೆಂಗಳೂರಿನ ಬಸ್ಸು ಹತ್ತಿದೆ. ವಾರದ ಮೇಲೆ ನಿಮ್ಮ ಮನೆಗೆ ಬಂದಾಗ ನೀನು, "ಹೋಗ್ಲಿ ಬಿಡು. ಇನ್ನೊಬ್ರಿಗೆ ಹೇಳ್ಕೊಡೋ ಕೆಲ್ಸ ನಿನ್ನ ಕೈಲಿ ಆಗಲ್ಲ" ಅಂದೆ. ಜೋರಾಗೇನೂ ಹೇಳಲಿಲ್ಲ. ಆದರೂ ಅದು ಇಲ್ಲಿಯವರೆಗೆ ನನ್ನ ಜೊತೆ ಬಂದಿದೆ.

ಹುಣಸೆಬೀಜದ ಪಾಠ ಚೆನ್ನಾಗಿದೆ. ಯಾವುದೋ ತರಬೇತಿಯಲ್ಲಿ ಕಲಿತದ್ದಿರಬೇಕು. ಇಲ್ಲಿ ಅದು ನಡೆಯುವುದಿಲ್ಲ ಅಕ್ಕ. ಪರೀಕ್ಷೆಯಲ್ಲಿ ಸುಮ್ಮನೆ ನಿಂತರೆ ಇವನಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಕೋಲಾರದಲ್ಲಿ ಆದ ಹಾಗೆ ಇಲ್ಲಿ ಆಗಬಾರದು. ಹೇಳಬೇಕಾದ ಹದಿನಾಲ್ಕು ಅಂಶಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೇನೆ. ಬೂಟು ಒರೆಸುವಾಗಲೂ ಹೇಳಿಕೊಳ್ಳುತ್ತಿರುತ್ತೇನೆ. ಬೂಟು ತೆಗೆದುಕೊಳ್ಳಲು ಬಂದವರು ನಾನು ಮಂತ್ರ ಹೇಳುತ್ತಿದ್ದೇನೆ ಎಂದುಕೊಂಡು ಕಾಯುತ್ತಾರೆ.

ಮಾರ್ಚ್ ಒಂದಕ್ಕೆ ಶುರು.

ಉಮಾ

*

ದುಬೈ
8 ಮಾರ್ಚ್ 2007

ಪ್ರೀತಿಯ ಅಕ್ಕನಿಗೆ,

ಪರೀಕ್ಷೆ ಮುಂದಕ್ಕೆ ಹೋಯಿತು. ಸೆಪ್ಟೆಂಬರಿಗೆ ಇಡಬಹುದು ಎನ್ನುತ್ತಾರೆ. ಜೋಯಲ್ ಬೂಟಿನ ಕೌಂಟರ್ ಬಿಟ್ಟು ಬೇರೆ ಕಡೆ ಹೋಗಿದ್ದಾನೆ. ಕೆಲಸ ಜಾಸ್ತಿ. ಮತ್ತೆ ಬರೆಯುತ್ತೇನೆ.

ಉಮಾ

*

ಗೌನಿಪಲ್ಲಿ
21 ಮಾರ್ಚ್ 2007

ಉಮಾಶಂಕರನಿಗೆ,

ಮುಂದಕ್ಕೆ ಹೋಯಿತು ಎಂದು ಕೋಲಾರದ ಆ ಸಲವೂ ಹೀಗೇ ಒಂದು ಕಾರ್ಡು ಬರೆದಿದ್ದೆ. ಆಗಲೂ ನಾಲ್ಕೇ ಸಾಲು. ಪರೀಕ್ಷೆ ಎಲ್ಲಿಗೂ ಹೋಗಿರಲಿಲ್ಲ, ಎದ್ದು ಹೋದವನು ನೀನು.

ಈ ಸಲ ನಾನು ಅರ್ಜಿ ತುಂಬಿರಲಿಲ್ಲ, ಯಾರೂ ಬಲವಂತ ಮಾಡಿರಲಿಲ್ಲ. ನಿನಗೇ ಬೇಕೆನ್ನಿಸಿದ ಕೆಲಸ. ಅದಕ್ಕೂ ಬೆನ್ನು ತೋರಿಸಿದೆ ಎಂದು ನನಗೆ ಬೇಸರವಾಗಿದೆ. ಕಲಿಸುವ ಆಸೆಯಿದ್ದೂ ಆಗದವರು ಎಷ್ಟೋ ಜನ ಇರುತ್ತಾರೆ. ಮೈ ಗಟ್ಟಿಯಿದ್ದು, ಬಾಯಿ ಗಟ್ಟಿಯಿದ್ದು ಬಿಟ್ಟುಬರುವುದು ನನಗೆ ಅರ್ಥವಾಗುವುದಿಲ್ಲ.

ಮಾವಿನ ಹೀಚು ಈ ಸಲ ಚೆನ್ನಾಗಿ ನಿಂತಿದೆ. ಭಾವ ಕೇಳಿದೆ ಎಂದು ಬರೆಯಲು ಹೇಳಿದರು.

ಗಂಗಾಲಕ್ಷ್ಮಿ

*

ದುಬೈ
5 ಏಪ್ರಿಲ್ 2007

ಅಕ್ಕನಿಗೆ,

ನಿನ್ನ ಕಾಗದಕ್ಕೆ ಎರಡು ದಿನ ಉತ್ತರ ಬರೆದು ಬರೆದು ಹರಿದುಹಾಕಿದೆ. ಮೂರನೇ ದಿನ ನಿನ್ನ ಜೊತೆ ಜಗಳ ಆಡಲೇಬೇಕೆಂದು ಮನೆಗೆ ಫೋನ್ ಮಾಡಿದೆ. ಭಾವ, ನೀನು ತೋಟಕ್ಕೆ ಹೋಗಿದ್ದೀಯ ಅಂದರು. ಅವರ ಹಿಂದೆ ನೀನು ಪಾತ್ರೆ ಇಡುವ ಸದ್ದು ಕೇಳಿಸಿತು. ನಿನ್ನ ಬಳೆಯ ಸದ್ದು ನನಗೆ ಗೊತ್ತಿಲ್ಲವೇ?

ಮಾರನೇ ದಿನ ಶ್ರೀನಿವಾಸಪುರದ ಗೆಳೆಯನಿಂದ ನಿಮ್ಮ ಹೆಡ್‌ಮಾಸ್ಟರ್ ಶ್ರೀರಾಮಪ್ಪನವರ ಮೊಬೈಲ್ ನಂಬರ್ ಪಡೆದು ಶಾಲೆಯ ಹೊತ್ತಿಗೇ ಮಾಡಿದೆ. ಟೀಚರಿಗೆ ಒಂದು ನಿಮಿಷ ಕೊಡಿ ಎಂದೆ. ಅವರು, "ಏನಪ್ಪಾ, ನಿನಗ್ಗೊತ್ತಿಲ್ವಾ? ನಿಮ್ಮಕ್ಕ ಆಗಸ್ಟಿಂದ ಮಾತಾಡೋ ಹಾಗಿಲ್ಲ ಕಣಪ್ಪ. ಗಂಟಲಲ್ಲಿ ಗಂಟಿದೆ" ಅಂದರು.

ಆಗಸ್ಟಿನಿಂದ. ನಾನು ಸ್ನಾನ, ತಲೆನೋವು, ಲೈನು ಸರಿಯಿಲ್ಲ ಎಲ್ಲವನ್ನೂ ನಂಬಿದೆ. ನಂಬದಿದ್ದಾಗ, ನಿನಗೆ ಸಿಟ್ಟು ಎಂದುಕೊಂಡೆ. ಹುಣಸೆಬೀಜದ ಪಾಠವನ್ನು ತರಬೇತಿಯಲ್ಲಿ ಕಲಿತೆ ಎಂದೆ.

ಈಗ ನನ್ನದೂ ಕೇಳು. ಪರೀಕ್ಷೆ ಮುಂದಕ್ಕೆ ಹೋಗಲಿಲ್ಲ. ಐದು ದಿನವೂ ಹೋದೆ, ಕೊನೆಯ ನಿಮಿಷದವರೆಗೂ ನಿಂತೆ, ಫೇಲಾದೆ. ಜಾರುವುದರಲ್ಲಿ ಪಾಸು, ಕಲಿಸುವುದರಲ್ಲಿ ಇಲ್ಲ. ಜೋಯಲ್ ಎರಡರಲ್ಲೂ ಪಾಸಾಗಿ ಗುಡ್ಡಕ್ಕೆ ಹೋದ. ನಾನು ಬೂಟಿನ ಕೌಂಟರಿನಲ್ಲಿ ಉಳಿದೆ. ಸೆಪ್ಟೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇರುವುದು ಮಾತ್ರ ನಿಜ.

ನಾಲ್ಕನೇ ದಿನ ಆರು ಜನರನ್ನು ನನ್ನ ಮುಂದೆ ನಿಲ್ಲಿಸಿದರು. ಬಾಯಿ ಒಣಗಲಿಲ್ಲ. ಹದಿನಾಲ್ಕು ಅಂಶಗಳನ್ನೂ ಒಂದೂ ಬಿಡದೆ ಹೇಳಿದೆ. ಹೇಳಿ ಮುಗಿಸಿದಾಗ ಆರು ಜನವೂ ಕೈ ಉಜ್ಜಿಕೊಳ್ಳುತ್ತ, ಕಾಲು ಬದಲಿಸುತ್ತ ನಿಂತಿದ್ದರು. ಹನ್ನೊಂದು ನಿಮಿಷ ಆಗಿತ್ತಂತೆ. ಪರೀಕ್ಷಕಿ ಕೆಟ್ಟವಳಲ್ಲ. ಚೀಟಿಯಲ್ಲಿ ಒಂದೇ ಸಾಲು ಬರೆದಿದ್ದಳು: ಇವನಿಗೆ ಎಲ್ಲ ಗೊತ್ತಿದೆ, ಎದುರಿಗಿರುವವರು ಮಾತ್ರ ಕಾಣುವುದಿಲ್ಲ.

ಓಡಿಹೋಗಲಿಲ್ಲ ಅಕ್ಕ. ಇದೊಂದನ್ನು ನಂಬು.

ರಜೆ ಕೇಳಿದ್ದೇನೆ. ಬರ್ತೀನಿ.

ಉಮಾ

*

ಗೌನಿಪಲ್ಲಿ
19 ಏಪ್ರಿಲ್ 2007

ಪ್ರೀತಿಯ ಉಮಾ,

ನಂಬಿದೆ. ನನ್ನ ಹಿಂದಿನ ಕಾಗದವನ್ನು ಹರಿದುಹಾಕು.

ಹೋದ ಜುಲೈನಲ್ಲಿ ಗಂಟಲು ಕಟ್ಟಿತು. ಶೀತವೆಂದು ಕಷಾಯ ಕುಡಿದೆ. ಆಗಸ್ಟಿನಲ್ಲಿ ಒಂದು ದಿನ ಪದ್ಯ ಹೇಳಿಕೊಡುತ್ತಿದ್ದವಳಿಗೆ ನಡುವೆಯೇ ಸ್ವರ ನಿಂತುಹೋಯಿತು. ಬಾಯಿ ಆಡುತ್ತಿದೆ, ಗಾಳಿ ಬಿಟ್ಟರೆ ಏನೂ ಬರುತ್ತಿಲ್ಲ. ಮಕ್ಕಳು ಅದೂ ಪದ್ಯದ ಒಂದು ಭಾಗವೆಂದು ತಾವೂ ಬಾಯಿ ಮಾತ್ರ ಆಡಿಸಿದವು. ಕೋಲಾರದ ಡಾಕ್ಟರು ನೋಡಿ, ಸ್ವರ ಹೊರಡುವ ಕಡೆ ಎರಡು ಗಂಟು ಬೆಳೆದಿವೆ ಎಂದರು. ಹತ್ತೊಂಬತ್ತು ವರ್ಷ ಕೂಗಿದ್ದಕ್ಕೆ. ಮಾತಾಡಬೇಡಿ ಎಂದರು. ಪಿಸುಗುಟ್ಟುವುದೂ ಬೇಡವಂತೆ, ಅದೂ ಗಂಟಲಿಗೆ ಕೂಗಿದಷ್ಟೇ ಕೆಟ್ಟದ್ದಂತೆ.

ಮೇಲಿನವರಿಗೆ ತಿಳಿದರೆ ನನ್ನನ್ನು ಶ್ರೀನಿವಾಸಪುರದ ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ಕಡತ ಜೋಡಿಸಲು ಕೂರಿಸುತ್ತಾರೆ ಎಂದು ಹೆದರಿದೆ. ಶ್ರೀರಾಮಪ್ಪ ಮೇಷ್ಟ್ರು ನನ್ನ ಕೋಣೆಯಲ್ಲಿ ಕೂರಿಸಿದ್ದ ಎರಡನೇ ತರಗತಿಯನ್ನು ಪಾಠದ ಹೊತ್ತಿಗೆ ತಾವೇ ಜಗಲಿಗೆ ಕರೆದುಕೊಂಡು ಹೋಗುತ್ತಿದ್ದರು, ನನ್ನ ವಿಷಯ ಯಾರ ಹತ್ತಿರವೂ ಎತ್ತಲಿಲ್ಲ. ಹುಣಸೆಬೀಜ ಬಂದದ್ದು ಹಾಗೆ. ಯಾವ ತರಬೇತಿಯೂ ಅಲ್ಲ. ಬೇರೆ ದಾರಿಯಿರಲಿಲ್ಲ.

ನಿನಗೆ ಹೇಳದಿದ್ದದ್ದು ತಪ್ಪು. ನನ್ನ ಸ್ವರ ಕೇಳಿದರೆ ನೀನು ಇರುವ ಕೆಲಸ ಬಿಟ್ಟು ಬರುತ್ತೀಯ ಎಂದುಕೊಂಡೆ. ಇನ್ನೊಂದು ಕಾರಣವೂ ಇದೆ. ನಿನ್ನ ಬಾಯಲ್ಲಿ ಅಯ್ಯೋ ಪಾಪ ಎನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಮೇ ಒಂಬತ್ತಕ್ಕೆ ಬೆಂಗಳೂರಿನಲ್ಲಿ ಆಪರೇಷನ್. ಶಾಲೆಗೆ ರಜೆ, ಭಾವ ಜೊತೆಗಿರುತ್ತಾರೆ. ನೀನು ಬರಬೇಡ. ಬಂದರೂ ನನ್ನ ಪಕ್ಕದಲ್ಲಿ ಕೂತು ಏನು ಮಾಡುತ್ತೀಯ, ಎರಡು ವಾರ ನಾನು ಬಾಯಿಯೇ ಬಿಡುವಂತಿಲ್ಲ. ಆ ರಜೆಯನ್ನು ಸೆಪ್ಟೆಂಬರಿನ ಪರೀಕ್ಷೆಗೆ ಇಟ್ಟುಕೋ.

ಆ ದಿನ ನಾನು ಹೇಳಿದ ಮಾತಿನ ಬಗ್ಗೆ. ನೀನು ಮೇಷ್ಟ್ರಾಗಬೇಕೆಂಬುದು ನನ್ನ ಆಸೆಯಾಗಿತ್ತು, ನಿನ್ನದಲ್ಲ. ಅದು ಮುರಿದಾಗ ನನ್ನ ದುಃಖಕ್ಕೆ ಏನೋ ಅಂದೆ. ಕೇಳಿಸಿಕೊಂಡವನು ನೀನು. ಹೀಗೆ ಆರು ವರ್ಷ ಹೊತ್ತು ತಿರುಗುತ್ತೀಯ ಎಂದು ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ತಪ್ಪಾಯಿತು ಕಣೋ.

ಹದಿನಾಲ್ಕು ಅಂಶದಲ್ಲಿ ಮೂರು ಇಟ್ಟುಕೊಂಡು ಉಳಿದದ್ದನ್ನು ಬಿಡು. ಅವರ ಕಾಲು ನೋಡು. ಅದು ನಿನಗೆ ಚೆನ್ನಾಗಿ ಬರುತ್ತದೆ.

ಗಂಗಕ್ಕ

*

ಗೌನಿಪಲ್ಲಿ
18 ಜೂನ್ 2007

ಪ್ರೀತಿಯ ಉಮಾ,

ಆಪರೇಷನ್ ಆಯಿತು. ನೀನು ಭಾವನ ಜೊತೆ ಫೋನಿನಲ್ಲಿ ಮಾತಾಡುವಾಗಲೆಲ್ಲ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ.

ಸ್ವರ ಬಂದಿದೆ, ಆದರೆ ಹಳೆಯದಲ್ಲ. ತಗ್ಗಿದ ದನಿ, ಸ್ವಲ್ಪ ಒರಟು. ಮೊದಲ ದಿನ ನಾನು ಮಾತಾಡಿದಾಗ ಭಾವ ಬಾಗಿಲ ಕಡೆ ತಿರುಗಿ ಯಾರು ಬಂದರು ಎಂದು ನೋಡಿದರು. ಇಷ್ಟೇ ಎಂದು ಡಾಕ್ಟರು ಹೇಳಿದ್ದಾರೆ. ಮನೆಯ ಮಾತಿಗೆ ಸಾಕು, ಕೂಗಲು ಇನ್ನು ಯಾವತ್ತೂ ಆಗದು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಪಾಠ ಕೂಡದು.

ಕೊನೆಗೆ ಮೇಲಿನವರಿಗೆ ತಿಳಿಸಲೇಬೇಕಾಯಿತು. ನಾನೇ ಹೋಗಿ ಡಾಕ್ಟರ ಪತ್ರ ಕೊಟ್ಟೆ. ಆಫೀಸಿಗೆ ಬನ್ನಿ, ನೆರಳಿನಲ್ಲಿ ಕೂರಬಹುದು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಮಧ್ಯಾಹ್ನದ ಮೇಲೆ ಶಾಲೆಯ ಕಡತ, ಬಿಸಿಯೂಟದ ಲೆಕ್ಕ ಎಲ್ಲ ಬರೆಯುತ್ತೇನೆ, ಬೆಳಿಗ್ಗೆ ಒಂದನೇ ತರಗತಿ ಕೊಡಿ ಎಂದೆ. ಸ್ವರವಿಲ್ಲದೆ ಹೇಗೆ ಪಾಠ ಮಾಡುತ್ತೀರಿ ಎಂದು ಕೇಳಿದರು. ಕಳೆದ ವರ್ಷದ ಮೂವತ್ತೊಂದು ಮಕ್ಕಳೂ ಈಗ ಓದುತ್ತವೆ, ಬಂದು ನೋಡಿ ಎಂದೆ. ವರ್ಷದ ನಡುವೆ ಯಾರಾದರೂ ಬಂದು ನೋಡುತ್ತಾರಂತೆ. ಅಲ್ಲಿಯವರೆಗೆ ಇರಲಿ ಎಂದು ಒಪ್ಪಿದ್ದಾರೆ.

ಹಾಗಾಗಿ ನನಗೂ ಒಂದು ಪರೀಕ್ಷೆ ಬಂತು. ನಿನ್ನದು ಮೊದಲು.

ಗಂಗಕ್ಕ

*

ದುಬೈ
28 ಸೆಪ್ಟೆಂಬರ್ 2007

ಪ್ರೀತಿಯ ಅಕ್ಕನಿಗೆ,

ಪಾಸಾದೆ.

ಅದೇ ಪರೀಕ್ಷಕಿ ಬಂದಿದ್ದಳು. ನನ್ನ ಗುರುತು ಹಿಡಿದಳು. ನಾಲ್ಕನೇ ದಿನ ಮತ್ತೆ ಆರು ಜನ. ನಾನು ಅವರನ್ನು ನಿಲ್ಲಿಸಿ ಏನನ್ನೂ ಹೇಳದೆ ಸ್ವಲ್ಪ ಕೆಳಗೆ ಜಾರಿ, ಹಿಂದಿನ ತುದಿ ಅಗಲಿಸಿ ನಿಂತೆ. ತಿರುಗಿ ಮೇಲೆ ನೋಡಿದೆ. ಒಬ್ಬೊಬ್ಬರನ್ನೇ ಕೈಸನ್ನೆಯಲ್ಲಿ ಕರೆದೆ. ಮೂರನೆಯವನು ಮೊಣಕಾಲು ನೆಟ್ಟಗೆ ಮಾಡಿಕೊಂಡು ಹಿಂದಕ್ಕೆ ವಾಲಿದ್ದ. ಹತ್ತಿರ ಹೋಗಿ ನನ್ನ ಮೊಣಕಾಲು ಬಗ್ಗಿಸಿ ತೋರಿಸಿದೆ, "ನನ್ನ ಕಡೆ ನೋಡ್ತಾ ಬನ್ನಿ" ಎಂದಷ್ಟೇ ಹೇಳಿದೆ. ಬಂದ. ಇಪ್ಪತ್ತು ನಿಮಿಷದ ಪಾಠದಲ್ಲಿ ಹತ್ತು ಮಾತು ಆಡಿರಬಹುದು. ನಡುವೆ ಒಮ್ಮೆ ಕೋಲಾರದ ಹಾಗೆಯೇ ಎಲ್ಲ ಮರೆತುಹೋಯಿತು. ಆದರೆ ಮರೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎದುರಿಗಿದ್ದವರ ಕಾಲು ನೋಡಿದೆ, ಮುಂದಿನದು ತಾನಾಗಿ ಬಂತು.

ಈ ಸಲ ಚೀಟಿಯಲ್ಲಿ ಏನೂ ಬರೆಯಲಿಲ್ಲ, ಕೈ ಕುಲುಕಿದಳು. ಯಾರ ಹತ್ತಿರ ಕಲಿತೆ ಎಂದು ಕೇಳಿದಳು. ನಮ್ಮಕ್ಕ ಒಂದನೇ ತರಗತಿಗೆ ಪಾಠ ಮಾಡುತ್ತಾಳೆ ಎಂದೆ. ಅವಳು ಎಲ್ಲಿ ಸ್ಕೀ ಮಾಡುತ್ತಾಳೆ ಎಂದು ಕೇಳಿದಳು. ಗೌನಿಪಲ್ಲಿ ಎಂದುಬಿಟ್ಟೆ. ನೋಟ್ ಪುಸ್ತಕದಲ್ಲಿ ಬರೆದುಕೊಂಡಳು.

ನಿನ್ನೆ ನನ್ನ ಮೊದಲ ಪಾಠ. ಕರ್ನೂಲು ಕಡೆಯ ಒಬ್ಬ ತಾಯಿ, ಅರವತ್ತರ ಹತ್ತಿರ. ಮಗ ಮುಂದೆ ತಳ್ಳುತ್ತಿದ್ದಾನೆ, ಆಕೆ ಕಂಬಿ ಬಿಡುತ್ತಿಲ್ಲ. "ನಾ ವಲ್ಲ ಕಾದು ನಾಯನಾ" ಅಂದರು, ನನ್ನ ಕೈಲಾಗದಪ್ಪ ಎಂದು. ನಾನು ನಮ್ಮ ಕಡೆಯ ತೆಲುಗಿನಲ್ಲಿ "ಪರ್ಲೇದಮ್ಮಾ", ಪರವಾಗಿಲ್ಲಮ್ಮ ಎಂದು ಹೇಳಿ, ಪಕ್ಕದಲ್ಲಿ ಸುಮ್ಮನೆ ನಿಂತೆ. ಮಗನನ್ನು ಚಹಾ ಕುಡಿದು ಬರಲು ಕಳಿಸಿದೆ. ಬಹಳ ಹೊತ್ತು ಇಬ್ಬರೂ ಬೇರೆಯವರು ಜಾರುವುದನ್ನು ನೋಡಿದೆವು. ಆಮೇಲೆ ಆಕೆ ಕಂಬಿಯಿಂದ ಒಂದು ಕೈ ತೆಗೆದರು. ನಂತರ ಇನ್ನೊಂದು. ಎರಡು ಮಾರು ಜಾರಿ ನಿಂತರು, ಬೀಳಲಿಲ್ಲ. ಮಗ ನೋಡಿದನೇ ಎಂದು ಹಿಂದೆ ತಿರುಗಿದರು. ಅವನು ಇರಲಿಲ್ಲ. ಅವನು ಬರುವವರೆಗೆ ಆಕೆ ಮತ್ತೆ ಆರು ಸಲ ಜಾರಿದರು.

ನಿನ್ನನ್ನು ನೋಡಲು ಯಾರಾದರೂ ಬಂದರೇ? ಬರಿ.

ಉಮಾ

*

ಗೌನಿಪಲ್ಲಿ
29 ನವೆಂಬರ್ 2007

ಪ್ರೀತಿಯ ಉಮಾ,

ನೀನು ಪಾಸಾದ ಕಾಗದವನ್ನು ಭಾವ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಓದಿ ಅಂಚು ಹರಿದುಹೋಗಿದೆ.

ಬಂದಿದ್ದರು. ಮೊನ್ನೆ ಮಂಗಳವಾರ, ಯಾರಿಗೂ ಹೇಳದೆ. ಶ್ರೀನಿವಾಸಪುರದಿಂದ ಒಬ್ಬ ಅಧಿಕಾರಿ, ವಯಸ್ಸಾದವರು, ದೊಡ್ಡ ಗಂಟಲಿನವರು. ಶ್ರೀರಾಮಪ್ಪ ಮೇಷ್ಟ್ರು ಆಮೇಲೆ ಹೇಳಿದ್ದು, ಅವರು ನಮ್ಮ ಕೋಣೆಯ ಮುಂದೆ ಎರಡು ಸಲ ಓಡಾಡಿ, ಒಂದನೇ ತರಗತಿಗೆ ಇವತ್ತು ಏಕೆ ರಜೆ ಕೊಟ್ಟಿದ್ದೀರಿ ಎಂದು ಗದರಿಸಿದರಂತೆ. ಒಳಗಿನಿಂದ ಒಂದು ಸದ್ದೂ ಇರಲಿಲ್ಲ. ಮೇಷ್ಟ್ರು ನಮ್ಮ ಕೋಣೆಯ ಬಾಗಿಲ ಕಡೆ ಕೈ ತೋರಿಸಿದರಂತೆ.

ಅವರು ಚಪ್ಪಲಿ ಬಿಟ್ಟು ಒಳಗೆ ಇಣುಕಿದರು. ಈ ವರ್ಷ ಇಪ್ಪತ್ತೊಂಬತ್ತು ಮಕ್ಕಳು, ಎಲ್ಲರೂ ಇದ್ದರು. ನಾಲ್ಕೈದು ಜನ ಗುಂಪಾಗಿ ಕೂತು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ನಾನು ತಗ್ಗಿದ ದನಿಯಲ್ಲಿ ಮಾತಾಡುತ್ತೇನಲ್ಲ, ಇವು ಜೂನಿನಿಂದ ಅದನ್ನೇ ಕಲಿತಿವೆ. ಶಾಲೆಯಲ್ಲಿ ಹೀಗೇ ಮಾತಾಡಬೇಕು ಎಂದುಕೊಂಡಿವೆ. ನಾನು ಹೇಳಿದ್ದಲ್ಲ. ಹೊರಗೆ ಬಯಲಿಗೆ ಹೋದರೆ ಊರು ಹಾರಿಹೋಗುವಂತೆ ಕೂಗುತ್ತವೆ, ಹೊಸ್ತಿಲು ದಾಟಿದರೆ ದನಿ ಇಳಿಯುತ್ತದೆ.

ಅಧಿಕಾರಿ ಒಂದು ಗುಂಪಿನ ಪಕ್ಕ ನೆಲದ ಮೇಲೆ ಕೂತರು. ಒಬ್ಬ ಹುಡುಗನ ಕೈಗೆ ಪುಸ್ತಕ ಕೊಟ್ಟು ಬೆರಳಿನಲ್ಲಿ ಒಂದು ಸಾಲು ತೋರಿಸಿದರು. ಅವನು ಅವರ ಕಿವಿಯ ಹತ್ತಿರ ಹೋಗಿ ತಡವರಿಸದೆ ಓದಿದ. ಇನ್ನೊಂದು ಪುಟ ತೆಗೆದರು, ಅದನ್ನೂ ಓದಿದ. ಅರ್ಧ ಗಂಟೆ ಹಾಗೆಯೇ ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿದರು. ನನ್ನ ಹತ್ತಿರ ಬಂದಾಗ ಏನೋ ಕೇಳಲು ದೊಡ್ಡದಾಗಿ ಬಾಯಿ ತೆರೆದರು, ಸುತ್ತ ನೋಡಿದರು, ಮತ್ತೆ ಮುಚ್ಚಿದರು. ಆಮೇಲೆ ಬಗ್ಗಿ, "ಮೇಡಂ, ಇವತ್ತಿನ ಹಾಜರಿ ಎಷ್ಟು?" ಅಂದರು, ಆದಷ್ಟು ತಗ್ಗಿದ ದನಿಯಲ್ಲಿ.

ನಾನೂ ಅದೇ ದನಿಯಲ್ಲಿ ಹೇಳಿದೆ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರು. ಮುಂದಿನ ವರ್ಷಕ್ಕೂ ಇದೇ ತರಗತಿ ಎಂದು ಬರೆದಿದ್ದಾರೆ.

ಹೊರಗೆ ಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು, ಗೇಟಿನ ಹತ್ತಿರ ಹೋದ ಮೇಲೆ ಹಾಕಿಕೊಂಡರು.

ಗಂಗಕ್ಕ